ಚಿತ್ರ ತೋರಿಸಿ ದನ ಮಾರುವುದು



ಇಂದು ನಾನು ನಿಮ್ಮೊಡನೆ ದನ ಮಾರುವ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ. ದನ ಸಾಕುವುದು ಹೇಗೆ, ಮೇವು ಬೆಳೆಸುವುದು ಹೇಗೆ ಎಂಬುದನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಆದರೆ ಸಾಕಿದ ದನವನ್ನು ಮಾರುವ ಹೊತ್ತು ಬಂದಾಗ ರೈತನು ಒಬ್ಬನೇ ಆಗಿಬಿಡುತ್ತಾನೆ. ನಾಲ್ಕು ವರ್ಷದ ಶ್ರಮಕ್ಕೆ ನಾಲ್ಕು ನಿಮಿಷದಲ್ಲಿ ಬೆಲೆ ಕಟ್ಟಿಸಿಕೊಂಡು ಹಗ್ಗ ಕೊಟ್ಟುಬಿಡುತ್ತಾನೆ.

ನಮ್ಮ ಕಡೆ ಈ ವ್ಯಾಪಾರ ನಡೆಯುವ ಬಗೆ ನಿಮಗೆ ಗೊತ್ತೇ ಇದೆ. ಕಾಸರಕೋಡಿನಲ್ಲಿ ಒಂದು ಮನೆ ಎಂದು ಇಟ್ಟುಕೊಳ್ಳಿ. ಕೊಟ್ಟಿಗೆಯಲ್ಲಿ ಮೂರು ದನ. ಅವುಗಳಲ್ಲಿ ಒಂದು ಎರಡನೇ ಸೂಲಿನ ಜರ್ಸಿ ಮಿಶ್ರತಳಿ. ಹೊತ್ತಿಗೆ ನಾಲ್ಕು ಲೀಟರ್ ಹಾಲು. ಮಳೆಗಾಲ ಹತ್ತಿರ ಬಂತು, ಹುಲ್ಲು ಸಾಲದು, ಮಕ್ಕಳ ಶಾಲೆಯ ಖರ್ಚು ಎದುರಿಗಿದೆ. ಒಂದನ್ನು ಮಾರಲೇಬೇಕು. ಹಾವೇರಿಯ ಸಂತೆಗೋ ಹುಬ್ಬಳ್ಳಿಯ ಸಂತೆಗೋ ಒಯ್ಯೋಣವೆಂದರೆ ದನವನ್ನು ಘಟ್ಟ ಹತ್ತಿಸಬೇಕು, ಗಾಡಿ ಬಾಡಿಗೆ ಕೊಡಬೇಕು. ಅಲ್ಲಿ ವ್ಯಾಪಾರ ಕುದುರದಿದ್ದರೆ ಅದೇ ಬಾಡಿಗೆ ಮತ್ತೆ ಕೊಟ್ಟು ಹಿಂದಕ್ಕೆ ತರಬೇಕು. ಆ ಹೆದರಿಕೆಯಿಂದಲೇ ಮನುಷ್ಯ ಸಿಕ್ಕಿದ ಬೆಲೆಗೆ ಕೊಟ್ಟು ಬರುತ್ತಾನೆ. ಮನೆಯಲ್ಲೇ ಉಳಿದರೆ ದಲಾಳಿ ಬರುತ್ತಾನೆ. ಬಂದವನು ಅವನೊಬ್ಬನೇ, ಅವನು ಹೇಳಿದ್ದೇ ದರ.

ಇದಕ್ಕೆ ದಲಾಳಿಯನ್ನು ಬೈದು ಪ್ರಯೋಜನವಿಲ್ಲ. ಕೊಳ್ಳುವವನು ಒಬ್ಬನೇ ಇದ್ದಲ್ಲಿ ಬೆಲೆ ಏರುವುದಿಲ್ಲ. ನಮ್ಮ ಕಡಲದಡದ ಮೀನಿನ ಹರಾಜನ್ನು ನೋಡಿ. ದೋಣಿ ಬಂತು, ಮೀನು ಸುರಿದರು, ಸುತ್ತ ನಿಂತವರೆಲ್ಲ ಕೇಳುವಂತೆ ದರ ಕೂಗಿದರು; ಒಬ್ಬರ ಮೇಲೊಬ್ಬರು ಏರಿಸಿದರು. ಕುಮಟೆಯ ಮಾರುಕಟ್ಟೆಯಲ್ಲಿ ಅಡಿಕೆಯೂ ಹಾಗೆಯೇ. ಚಾಲಿ ಬೇರೆ, ಕೋಕಾ ಬೇರೆ, ಚಿಪ್ಪು ಬೇರೆ. ಹಲವರು ವ್ಯಾಪಾರಿಗಳು ಟೆಂಡರ್ ಹಾಕುತ್ತಾರೆ. ದನದ ಸಂತೆಯಲ್ಲಾದರೋ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕಟ್ಟುವ ರೂಢಿ ಇದೆ. ಪಕ್ಕದಲ್ಲೇ ನಿಂತವನಿಗೂ ಎಷ್ಟಕ್ಕೆ ಆಯಿತೆಂದು ತಿಳಿಯದು.

ಈಗ ಫೋನು ಬಂದು ಒಂದು ಹೊಸ ದಾರಿ ತೆರೆದಿದೆ. ದನ ಕೊಟ್ಟಿಗೆಯಲ್ಲೇ ನಿಂತಿರುತ್ತದೆ; ಅದರ ಚಿತ್ರ ಘಟ್ಟ ಹತ್ತಿ ಹೋಗುತ್ತದೆ. ಸಿರಸಿಯವರು, ಸಿದ್ದಾಪುರದವರು, ಸಾಗರದವರು ಮನೆಯಲ್ಲೇ ಕೂತು ನೋಡಿ ದರ ಕೇಳುತ್ತಾರೆ. ಬೆಂಗಳೂರಿನಲ್ಲಿ ೨೦೧೯ರಲ್ಲಿ ಅನಿಮಾಲ್ ಎಂಬ ಖಾಸಗಿ ಸಂಸ್ಥೆಯು ದನ ಎಮ್ಮೆಗಳ ಕೊಡು-ಕೊಳ್ಳುವಿಕೆಗೆಂದೇ ಫೋನಿನ ಆ್ಯಪ್ ಆರಂಭಿಸಿತು. ಕೇಂದ್ರ ಸರ್ಕಾರವು ೨೦೨೦ರ ಸೆಪ್ಟೆಂಬರ್ ೧೦ರಂದು ಇ-ಗೋಪಾಲ ಎಂಬ ಆ್ಯಪ್ ತಂದಿತು. ೨೦೨೨ರಲ್ಲಿ ಚರ್ಮಗಂಟು ರೋಗ ಹಬ್ಬಿ ಕರ್ನಾಟಕದ ಹಲವು ಕಡೆ ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಗಿ ಬಂದಾಗ, ಸಂತೆಯೊಂದನ್ನೇ ನಂಬಿ ಕೂರುವಂತಿಲ್ಲ ಎಂಬುದು ರೈತರಿಗೆ ಮನದಟ್ಟಾಯಿತು.

ಹೊರದೇಶಗಳಲ್ಲಿ ಈ ಪದ್ಧತಿ ಹಳೆಯದು. ಅಮೆರಿಕದಲ್ಲಿ ರಾಂಚ್ ಎಂದು ಕರೆಯುವ ದೊಡ್ಡ ದೊಡ್ಡ ಹುಲ್ಲುಗಾವಲುಗಳುಂಟು. ಅಲ್ಲಿ ನೂರಾರು ದನ ಒಟ್ಟಿಗೆ ಮೇಯುತ್ತವೆ. ಮಾರುಕಟ್ಟೆ ಎಷ್ಟೋ ದೂರ. ದನವನ್ನು ಲಾರಿಯಲ್ಲಿ ತುಂಬಿ ಒಯ್ದರೆ ದಾರಿಯಲ್ಲೇ ತೂಕ ಇಳಿಯುತ್ತದೆ. ಆದಕಾರಣ ೧೯೮೭ರಲ್ಲಿ ಸುಪೀರಿಯರ್ ಲೈವ್‌ಸ್ಟಾಕ್ ಆಕ್ಷನ್ ಎಂಬ ಸಂಸ್ಥೆ ದನಗಳನ್ನು ಹುಲ್ಲುಗಾವಲಿನಲ್ಲೇ ಚಿತ್ರ ತೆಗೆದು, ಉಪಗ್ರಹದ ಮೂಲಕ ದೂರದರ್ಶನದಲ್ಲಿ ತೋರಿಸಿ, ಫೋನಿನಲ್ಲಿ ಹರಾಜು ಕೂಗಿಸಲು ಆರಂಭಿಸಿತು. ಅದೇ ವರ್ಷ ಆಸ್ಟ್ರೇಲಿಯದಲ್ಲಿಯೂ ಕಂಪ್ಯೂಟರಿನ ಮೂಲಕ ದನ, ಕುರಿಗಳ ಮಾರಾಟ ಆರಂಭವಾಯಿತು. ಅದು ಇಂದು ಆಕ್ಷನ್ಸ್‌ಪ್ಲಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಅವರಿಂದ ನಾವು ಕಲಿಯತಕ್ಕದ್ದು ಒಂದೇ ಮಾತು. ಅಲ್ಲಿ ದನ ಮಾರಿದ್ದು ಬರೀ ಚಿತ್ರದಿಂದಲ್ಲ. ಚಿತ್ರದ ಜೊತೆಗೆ ಒಂದು ವಿವರ ಬರೆದಿರುತ್ತದೆ: ತಳಿ ಯಾವುದು, ತೂಕ ಎಷ್ಟು, ಯಾವ ಲಸಿಕೆ ಆಗಿದೆ, ಯಾವ ಮೇವು ತಿಂದಿದೆ, ಯಾವ ದಿನ ಒಪ್ಪಿಸುವುದು. ಆ ವಿವರವನ್ನು ಬರೆಯಲು ಸಂಸ್ಥೆಯ ಕಡೆಯ ಮನುಷ್ಯನೊಬ್ಬ ದನ ಇದ್ದಲ್ಲಿಗೇ ಹೋಗಿ ನೋಡುತ್ತಾನೆ. ಹೇಳಿದ್ದಕ್ಕಿಂತ ತೂಕ ವ್ಯತ್ಯಾಸವಾದರೆ ದರ ಎಷ್ಟು ಬದಲಾಗಬೇಕೆಂಬುದನ್ನೂ ಮೊದಲೇ ಗೊತ್ತು ಮಾಡಿರುತ್ತಾರೆ. ಕೊಳ್ಳುವವನು ದನವನ್ನು ಮುಟ್ಟಿ ನೋಡಿಲ್ಲ. ಅವನು ನಂಬಿದ್ದು ಆ ವಿವರವನ್ನು. ವಿವರ ಸುಳ್ಳಾದರೆ ಎರಡನೆಯ ಸಲ ಅವನು ಕೊಳ್ಳಲಾರ.

ನಮ್ಮದು ನೂರು ದನದ ಹಿಂಡಲ್ಲ. ಒಂದೇ ಆಕಳು, ಅದಕ್ಕೆ ಹೆಸರೂ ಉಂಟು. ಅದನ್ನು ತೂಕಕ್ಕೆ ಮಾರುವುದಿಲ್ಲ; ಹಾಲಿಗೆ, ಗುಣಕ್ಕೆ ಮಾರುತ್ತೇವೆ. ಹೀಗಿರುವಾಗ ವಿವರ ಇನ್ನೂ ಚೊಕ್ಕವಾಗಿರಬೇಕು. ಅಡಿಕೆಗೆ ಚಾಲಿ, ಕೋಕಾ ಎಂಬ ಹೆಸರು ಹೇಳಿದರೆ ಸಾಕು, ವ್ಯಾಪಾರಿಗೆ ಅರ್ಥವಾಗುತ್ತದೆ. ಆಕಳಿಗೆ ಅಂಥ ಹೆಸರಿಲ್ಲ. “ಒಳ್ಳೆ ದನ, ಚಲೋ ಹಾಲು” ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗುರುತು. ದನದ ಕಿವಿಯಲ್ಲಿ ಹಳದಿ ಓಲೆ ಇರಬೇಕು. ಅದರಲ್ಲಿ ೧೨ ಅಂಕಿಯ ಸಂಖ್ಯೆ ಇರುತ್ತದೆ. ಹಾಕಿದ ಲಸಿಕೆ, ಕೊಡಿಸಿದ ಕೃತಕ ಗರ್ಭಧಾರಣೆ ಮುಂತಾದವು ಆ ಸಂಖ್ಯೆಯ ಮೇಲೆ ಇಲಾಖೆಯ ದಾಖಲೆಗೆ ಸೇರುತ್ತವೆ. ಓಲೆ ಬಿದ್ದುಹೋಗಿದ್ದರೆ ಮಾರುವ ಮೊದಲೇ ಪಶು ಆಸ್ಪತ್ರೆಯಲ್ಲಿ ಹೇಳಿ ಹಾಕಿಸಿಕೊಳ್ಳಿ. ಚಿತ್ರ ತೆಗೆಯುವಾಗ ಮೊದಲು ಓಲೆಯನ್ನು ಸ್ಪಷ್ಟವಾಗಿ ತೋರಿಸಿ, ಅಲ್ಲಿಂದ ಫೋನನ್ನು ನಿಲ್ಲಿಸದೆ ಇಡೀ ದನವನ್ನು ತೋರಿಸಿ. ಒಂದು ದನದ ಓಲೆ, ಇನ್ನೊಂದು ದನದ ಮೈ ಎಂಬ ಸಂಶಯಕ್ಕೆ ಎಡೆಯಿರಬಾರದು.

ಎರಡನೆಯದು ವಯಸ್ಸು. ಬಾಯಿ ಬಿಡಿಸಿ ಕೆಳದವಡೆಯ ಮುಂಭಾಗದ ಹಲ್ಲು ತೋರಿಸಿ. ಸುಮಾರು ಎರಡು ವರ್ಷಕ್ಕೆ ಎರಡು ದೊಡ್ಡ ಹಲ್ಲು ಬರುತ್ತವೆ. ಅಲ್ಲಿಂದ ನಾಲ್ಕು, ಆರು ಹಲ್ಲಾಗಿ, ನಾಲ್ಕು ನಾಲ್ಕೂವರೆ ವರ್ಷಕ್ಕೆ ಎಂಟು ಹಲ್ಲು ತುಂಬಿ ಬಾಯಿಗೂಡುತ್ತದೆ. ನಾಟಿ ದನಗಳಲ್ಲಿ ತುಸು ತಡವಾಗಬಹುದು. ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನವಾಯಿತು, ಮತ್ತೆ ಗಬ್ಬವಾಗಿದೆಯೇ ಎಂಬುದನ್ನೂ ಹೇಳಿ. ಗಬ್ಬವೆಂದು ಹೇಳುವುದಾದರೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿಯೇ ಹೇಳಿ. ಅಂದಾಜಿನ ಗಬ್ಬಕ್ಕೆ ದುಡ್ಡು ತೆಗೆದುಕೊಂಡರೆ ಮುಂದೆ ಜಗಳ ತಪ್ಪಿದ್ದಲ್ಲ.

ಮೂರನೆಯದು ಅಳತೆ. ದರ್ಜಿಯ ಟೇಪಿನಿಂದ ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಹಿಂಭಾಗದ ಮೂಳೆಯ ತುದಿಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, ೬೬೦ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ ೬೦ ಇಂಚು, ಉದ್ದ ೫೦ ಇಂಚು ಇದ್ದರೆ ಸುಮಾರು ೨೭೩ ಕಿಲೋ. ಇದು ತಕ್ಕಡಿಯಲ್ಲಿ ತೂಗಿದಂತಲ್ಲ, ಆದರೂ ಕಣ್ಣಂದಾಜಿಗಿಂತ ಮೇಲು. ಟೇಪು ಹಿಡಿದದ್ದನ್ನೂ ಚಿತ್ರದಲ್ಲಿ ತೋರಿಸಿ. ಗಿಡ್ಡ ದನವನ್ನು ಹತ್ತಿರದಿಂದ ತೆಗೆದು ದೊಡ್ಡದಾಗಿ ಕಾಣಿಸುವುದು ಕಷ್ಟವಲ್ಲ. ಟೇಪು ಇದ್ದರೆ ಆ ಸಂಶಯ ಉಳಿಯದು.

ಗಿಡ್ಡ ಎಂದಾಗ ಒಂದು ಮಾತು. ನಮ್ಮ ಮಲೆನಾಡು ಗಿಡ್ಡವು ೨೦೧೨ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ನೋಂದಣಿಯಾಯಿತು. ಈ ತಳಿಯನ್ನೇ ಹುಡುಕಿ ಕೇಳುವವರು ಈಗ ಇದ್ದಾರೆ. ಹಾಗೆಂದು ಮಿಶ್ರವಾದ ದನವನ್ನು ಶುದ್ಧ ಗಿಡ್ಡವೆಂದು ಹೇಳಬೇಡಿ. ಅದರ ಹಾಲು ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಲೀಟರು. ಬಲ್ಲವರು ಅದನ್ನು ಬಲ್ಲರು. ಹೆಚ್ಚು ಹೇಳಿದರೆ ನಂಬಿಕೆಯೇ ಹೋಗುತ್ತದೆ.

ನಾಲ್ಕನೆಯದು ಹಾಲು. ಮುಖ್ಯವಾದದ್ದೇ ಇದು. ಹಾಲು ಕೂಡಲೆಂದು ಒಂದು ಹೊತ್ತು ಕರೆಯದೆ ಬಿಟ್ಟು, ಕೆಚ್ಚಲು ತುಂಬಿದಾಗ ಚಿತ್ರ ತೆಗೆಯುವವರುಂಟು. ಅದರಿಂದ ದನಕ್ಕೆ ನೋವು, ಕೆಚ್ಚಲು ಬಾವು ಬರುವ ಅಪಾಯ, ಕೊಂಡವನಿಗೆ ಮೋಸ. ಅದರ ಬದಲು ಹಿಂದಿನ ಸಂಜೆ ಪೂರ್ತಿ ಕರೆದು ಬರಿದು ಮಾಡಿ. ಮರುದಿನ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕರೆಯುವುದನ್ನು ಚಿತ್ರ ತೆಗೆದು, ಲೀಟರಿನಲ್ಲಿ ಅಳೆದು ತೋರಿಸಿ. ನಾಲ್ಕು ಮೊಲೆಗಳಲ್ಲೂ ಹಾಲು ಬರುವುದು ಕಾಣಬೇಕು. ಹಾಲಿನ ಸೊಸೈಟಿಗೆ ಹಾಕುವವರಾದರೆ ನಿಮ್ಮ ಪುಸ್ತಕದಲ್ಲಿ ದಿನದಿನದ ಲೀಟರು, ಕೊಬ್ಬಿನ ಅಂಶ ಬರೆದಿರುತ್ತದೆ. ಕೊಟ್ಟಿಗೆಯಲ್ಲಿ ಕರೆಯುವ ದನ ಒಂದೇ ಆಗಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಐದನೆಯದು ಐಬು. ಇಲ್ಲಿ ನೀವು ಕೇಳಬಹುದು: “ಎಲ್ಲ ಹೇಳಿಬಿಟ್ಟರೆ ಯಾರು ತಕೊಳ್ತಾರೆ ಮಾರಾಯ್ರೇ?” ಕೇಳುವ ಮಾತೇ. ಆದರೆ ಯೋಚಿಸಿ ನೋಡಿ. ಒದೆಯುವ ದನ ಘಟ್ಟದ ಮೇಲೆ ಹೋದ ಮಾತ್ರಕ್ಕೆ ಒದೆಯುವುದನ್ನು ಬಿಡುವುದಿಲ್ಲ. ಒಂದು ಮೊಲೆ ಬತ್ತಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ. ಆಮೇಲೆ ಹಣ ಹಿಂದೆ ಕೇಳುತ್ತಾರೆ, ಊರಿನ ಹೆಸರು ಹಿಡಿದು ಬೈಯುತ್ತಾರೆ, ಮುಂದಿನ ವರ್ಷ ನಿಮ್ಮ ಪಕ್ಕದ ಮನೆಯವರ ದನಕ್ಕೂ ದರ ಬರುವುದಿಲ್ಲ. ಐಬು ಹೇಳಿ ಸಾವಿರ ರೂಪಾಯಿ ಕಡಿಮೆಗೆ ಕೊಟ್ಟರೆ ಅಡ್ಡಿಲ್ಲ; ಆ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಹಿಂದೆ ಕಂದು ಹಾಕಿದ್ದರೆ ಅದನ್ನು ಮುಚ್ಚಲೇಬಾರದು. ಅದು ಬ್ರುಸೆಲ್ಲಾ ರೋಗದಿಂದ ಆಗಿರಬಹುದು, ಮತ್ತು ಆ ರೋಗ ಮನುಷ್ಯರಿಗೂ ತಗಲುತ್ತದೆ. ಪರೀಕ್ಷೆ ಮಾಡಿಸದೆ ಅಂಥ ದನವನ್ನು ಇನ್ನೊಬ್ಬರ ಕೊಟ್ಟಿಗೆಗೆ ಕಳಿಸುವುದು ವ್ಯಾಪಾರವಲ್ಲ, ಕೇಡು. ಸುಳಿ ನೋಡುವವರೂ ಇದ್ದಾರೆ. ಅವರು ಕೇಳಿದರೆ ಅದರದೂ ಒಂದು ಚಿತ್ರ ಕಳಿಸಿ. ಅವರವರ ನಂಬಿಕೆ ಅವರಿಗೆ.

ಈ ಚಿತ್ರದಲ್ಲಿ ಯಾರು ಮಾತನಾಡಬೇಕು? ದಿನವೂ ಕರೆಯುವವರೇ ಮಾತನಾಡಬೇಕು. ನಮ್ಮಲ್ಲಿ ಹಾಲು ಕರೆಯುವ ಕೈ ಹೆಚ್ಚಾಗಿ ಹೆಂಗಸರದು. ಮಾರುವ ಮಾತು ಮಾತ್ರ ಗಂಡಸರದು. ದನ ಯಾವ ಹೊತ್ತಿಗೆ ಸೊರ ಬಿಡುತ್ತದೆ, ಹೊಸಬರಿಗೆ ಕರೆಯಗೊಡುತ್ತದೆಯೇ, ಹಿಂಡಿ ಎಷ್ಟು ತಿನ್ನುತ್ತದೆ ಎಂಬುದು ಆ ತಾಯಿಗೆ ಗೊತ್ತು. ಅವರು ಎರಡು ಮಾತು ಹೇಳಿದರೆ ಕೊಳ್ಳುವ ಮನೆಯ ಹೆಂಗಸರಿಗೂ ಧೈರ್ಯ. ಹಣ ಅವರ ಖಾತೆಗೆ ಹೋಗುವಂತಾದರೆ ಇನ್ನೂ ಒಳ್ಳೆಯದು.

ಇನ್ನು ದರ. ಊರಿನ ಹಾಲಿನ ಸೊಸೈಟಿಯವರು, ಸ್ವಸಹಾಯ ಸಂಘದವರು ಸೇರಿ ವಾಟ್ಸಾಪ್ ಗುಂಪು ಕಟ್ಟಿಕೊಂಡರೆ ಹರಾಜನ್ನು ತಾವೇ ನಡೆಸಬಹುದು. ಮೀನಿನ ಹರಾಜಿನ ನ್ಯಾಯವನ್ನೇ ಇಟ್ಟುಕೊಳ್ಳಿ: ಕೇಳಿದ ದರ ಎಲ್ಲರಿಗೂ ಕಾಣಬೇಕು. ಆರಂಭದ ದರ ಇಷ್ಟು, ಇಂಥ ದಿನ ರಾತ್ರಿ ಎಂಟು ಗಂಟೆಗೆ ಮುಗಿಯುತ್ತದೆ ಎಂದು ಮೊದಲೇ ಹೇಳಿ. ಮೇಲಿನ ದರ ಕೇಳಿದವರಿಗೆ ಕೊಡಿ. ಗಂಟೆ ಕಳೆದ ಮೇಲೆ ಬೇರೊಬ್ಬ ಸಾವಿರ ಹೆಚ್ಚು ಕೊಡುತ್ತೇನೆಂದರೂ ಮಾತು ತಪ್ಪಬೇಡಿ. ದರ ಏರಿಸಲೆಂದು ನೆಂಟರಿಂದ ಸುಳ್ಳು ಕೂಗು ಹಾಕಿಸಬೇಡಿ. ಕೊಳ್ಳುವವರು ಬಂದು ನೋಡುತ್ತೇನೆಂದರೆ ಸಂತೋಷದಿಂದ ಕರೆಯಿರಿ. ವಿವರ ಬರೆಯುವಾಗ ಸೊಸೈಟಿಯ ಕಾರ್ಯದರ್ಶಿಯೋ ಪಶು ಸಖಿಯೋ ಜೊತೆಗಿದ್ದು ನೋಡಿದರೆ, ಆಸ್ಟ್ರೇಲಿಯದಲ್ಲಿ ತರಬೇತಾದ ಪರೀಕ್ಷಕ ಮಾಡುವ ಕೆಲಸ ನಮ್ಮ ಮಟ್ಟಿಗೆ ಇಲ್ಲಿಯೂ ಆದಂತಾಯಿತು.

ಹಣದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಹಣ ಪಡೆಯಲು ಯಾವ ಕಾಲಕ್ಕೂ ಪಿನ್ ಒತ್ತಬೇಕಾಗಿಲ್ಲ. “ನಾನು ಸೈನ್ಯದಲ್ಲಿದ್ದೇನೆ, ಈ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮಗೆ ಬರುತ್ತದೆ” ಎಂದವನು ಕಳ್ಳನೇ ಸರಿ. ಪಿನ್ ಒತ್ತಿದರೆ ನಿಮ್ಮ ಹಣ ಹೋಗುತ್ತದೆ. ಹಣ ಜಮೆಯಾಯಿತೆಂಬ ಸಂದೇಶವನ್ನೂ ನಂಬಬೇಡಿ. ಖಾತೆ ತೆರೆದು ನೋಡಿ, ಪೂರ್ತಿ ಹಣ ಬಂದ ಮೇಲೆಯೇ ಹಗ್ಗ ಕೊಡಿ. ಕೊಳ್ಳುವವರಿಗೂ ಅಷ್ಟೇ ಎಚ್ಚರ ಬೇಕು. ಹತ್ತು ಲೀಟರ್ ಹಾಲಿನ ದನ ಅರ್ಧ ಬೆಲೆಗೆ ಎಂಬ ಚಿತ್ರ ನೋಡಿ, ಗಾಡಿ ಬಾಡಿಗೆ ಎಂದು, ವಿಮೆ ಎಂದು ಮುಂಗಡ ಕಳಿಸಬೇಡಿ. ಫೋನಿನಲ್ಲಿ ನೇರವಾಗಿ ಮುಖ, ಕೊಟ್ಟಿಗೆ, ಕಿವಿಯ ಓಲೆ ಮೂರನ್ನೂ ಒಟ್ಟಿಗೆ ತೋರಿಸಲು ಹೇಳಿ. ಆದಮಟ್ಟಿಗೆ ಹೋಗಿಯೇ ನೋಡಿ. ಮೋಸವಾದರೆ ನಾಚಿಕೊಂಡು ಕೂರದೆ ಕೂಡಲೇ ೧೯೩೦ಕ್ಕೆ ಫೋನು ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಂಭವ ಹೆಚ್ಚು.

ಕಾಗದಪತ್ರದ ಮಾತು. ೨೦೨೧ರಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಂತೆ ವಧೆಗೆಂದು ದನ ಮಾರುವುದೂ ಕೊಳ್ಳುವುದೂ ಅಪರಾಧ. ಫೋನಿನಲ್ಲಿ ಬಂದವನು ಯಾರೋ ನಿಮಗೆ ಗೊತ್ತಿಲ್ಲ. ಆದುದರಿಂದ ಅವನ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳಿ. ದನದ ೧೨ ಅಂಕಿಯ ಸಂಖ್ಯೆ, ದರ, ದಿನಾಂಕ, ಹೈನಿಗಾಗಿ ಕೊಂಡದ್ದು ಎಂಬ ಮಾತು ಬರೆದು, ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಇಲಾಖೆಯ ದಾಖಲೆಯಲ್ಲಿ ಮಾಲಕರ ಹೆಸರು ಬದಲಿಸುವಂತೆ ಪಶು ಆಸ್ಪತ್ರೆಯಲ್ಲಿ ಕೇಳಿ. ದನದ ಮೇಲೆ ಬ್ಯಾಂಕಿನ ಸಾಲವಿದ್ದರೆ, ವಿಮೆಯಿದ್ದರೆ, ಅವರಿಗೂ ಮೊದಲೇ ತಿಳಿಸಿ.

ಕೊನೆಯದು ಸಾಗಾಟ. ೧೯೭೮ರ ಪ್ರಾಣಿ ಸಾಗಾಟದ ನಿಯಮಗಳಂತೆ ದನ ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ ಬೇಕು; ಸಾಮಾನ್ಯ ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ. ದಾರಿಯಲ್ಲಿ ಗಾಡಿ ತಡೆದು ಕೇಳಿದರೆ ಈ ಪ್ರಮಾಣಪತ್ರವೂ ಮಾರಾಟದ ಕಾಗದವೂ ಗಾಡಿಯವನ ಕೈಯಲ್ಲೇ ಇರಬೇಕು. ಬೇರೆ ಏನು ಕಾಗದ ಬೇಕೆಂಬುದನ್ನು ಹೊರಡುವ ಮೊದಲೇ ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಬಿಸಿಲೇರುವ ಮೊದಲೇ ಹೊರಡಿ. ಗಾಡಿಯಲ್ಲಿ ಜಾರದಂತೆ ಹುಲ್ಲು ಹಾಸಿ, ಎದುರಿಗೆ ಮುಖ ಮಾಡಿ ಕಟ್ಟಿ, ನೀರಿನ ಬಕೆಟ್ ಇಡಿ. ಕರುವನ್ನು ಬೇರೆ ಮಾಡಬೇಡಿ. ಮಳೆಗಾಲದಲ್ಲಿ ನಮ್ಮ ದಾರಿಗಳ ಭರವಸೆ ಇಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದನ್ನು ನಾವು ಮರೆತಿಲ್ಲ. ಒಪ್ಪಿಸುವುದು ತಡವಾದರೆ ಅಷ್ಟು ದಿನದ ಮೇವಿನ ಖರ್ಚು ಯಾರದು, ದನಕ್ಕೆ ಏನಾದರೂ ಆದರೆ ನಷ್ಟ ಯಾರದು ಎಂಬುದನ್ನು ಕಾಗದದಲ್ಲೇ ಬರೆಯಿರಿ.

ಕೊಂಡವರು ನೆನಪಿಡಬೇಕಾದದ್ದು: ಹೊಸ ಜಾಗಕ್ಕೆ ಬಂದ ದನ ಕೆಲವು ದಿನ ಹಾಲು ಕಡಿಮೆ ಕೊಡುತ್ತದೆ. ಮೊದಲ ದಿನದ ಹಾಲು ನೋಡಿ ಮಾರಿದವರನ್ನು ಬೈಯಬೇಡಿ. ಮೂರು ವಾರವಾದರೂ ನಿಮ್ಮ ಬೇರೆ ದನಗಳಿಂದ ದೂರ ಕಟ್ಟಿ. ಕಾಲುಬಾಯಿ ಜ್ವರ, ಚರ್ಮಗಂಟು ರೋಗಗಳು ಚಿತ್ರದಲ್ಲಿ ಕಾಣದೆ ಜೊತೆಗೆ ಬಂದುಬಿಡುತ್ತವೆ. ದನ ಮಂಕಾಗಿ ಕಂಡರೆ ೧೯೬೨ಕ್ಕೆ ಫೋನು ಮಾಡಿ ಪಶು ಚಿಕಿತ್ಸೆಯ ಗಾಡಿ ಕೇಳಬಹುದು.

ಈ ದಾರಿಯಿಂದ ಎಲ್ಲವೂ ಬಗೆಹರಿಯುತ್ತದೆಂದು ನಾನು ಹೇಳುವುದಿಲ್ಲ. ಮುದಿ ದನಕ್ಕೆ, ಗೊಡ್ಡು ದನಕ್ಕೆ, ಗಂಡು ಕರುವಿಗೆ ಎಷ್ಟು ಒಳ್ಳೆಯ ಚಿತ್ರ ತೆಗೆದರೂ ಬೆಲೆ ಹುಟ್ಟುವುದು ಕಷ್ಟ. ಆ ಭಾರ ಇನ್ನೂ ರೈತನ ಮೇಲೆಯೇ ಇದೆ. ಆದರೆ ಹಾಲು ಕೊಡುವ ದನ, ಗಬ್ಬದ ಕಡಸು, ಒಳ್ಳೆಯ ನಾಟಿ ತಳಿ ಇವುಗಳನ್ನು ಒಬ್ಬನೇ ಬಂದು ಹೇಳಿದ ದರಕ್ಕೆ ಕೊಡುವ ಗತಿ ಈಗ ಇಲ್ಲ. ಹತ್ತು ಮಂದಿಗೆ ತೋರಿಸಬಹುದು.

ಹತ್ತು ಮಂದಿ ನೋಡಿದರೆ ದರ ಬರುತ್ತದೆ. ಹತ್ತು ಮಂದಿ ನಂಬಿದರೆ ಮುಂದಿನ ವರ್ಷವೂ ಬರುತ್ತದೆ. ದನವನ್ನು ಮುಟ್ಟಿ ನೋಡದವನು ನಿಮ್ಮ ಮಾತನ್ನು ನಂಬಿ ಹಣ ಕಳಿಸುತ್ತಾನೆ. ಆ ಮಾತು ಅಳತೆ ಹಿಡಿದು ಆಡಿದ ಮಾತಾಗಿರಲಿ. ಈ ಸಲ ಮಾರುವ ಯೋಚನೆ ಇರುವವರು ನಾಳೆಯೇ ಎರಡು ಕೆಲಸ ಮಾಡಿ: ದನದ ಕಿವಿಯ ಓಲೆ ನೋಡಿ, ಮತ್ತು ಒಂದು ಹಳೆಯ ಪುಸ್ತಕದಲ್ಲಿ ಎರಡು ಹೊತ್ತಿನ ಹಾಲು ಬರೆದಿಡಲು ಆರಂಭಿಸಿ. ಒಂದು ತಿಂಗಳ ಲೆಕ್ಕ ಕೈಯಲ್ಲಿದ್ದರೆ ದಲಾಳಿ ಅಂಗಳಕ್ಕೆ ಬಂದಾಗಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.